ಹಳೇ ಗೇಮ್‌ಗಳ ಕಂಪ್ಯೂಟರ್‌ಗೆ ಹಾರ್ಡ್ ಡಿಸ್ಕ್ ಬದಲು ಕ್ಯಾಮೆರಾ ಕಾರ್ಡ್

ಹಳೇ ಗೇಮ್ ಆಡೋಕೆ ಅಂತಲೇ ಒಂದು ಕಂಪ್ಯೂಟರ್ ಜೋಡಿಸಿದ್ದೇನೆ. ಪೆಂಟಿಯಂ 3 ಪ್ರೊಸೆಸರ್, ಇಂಟೆಲ್ 1998ರಲ್ಲಿ ತಂದ 440ಬಿಎಕ್ಸ್ ಚಿಪ್‌ಸೆಟ್‌ನ ಬೋರ್ಡು, 256 ಎಂಬಿ ರ‍್ಯಾಮ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸ್ವಲ್ಪ, ಗೆಳೆಯರ ಮನೆ ಅಟ್ಟದಲ್ಲಿ ಸ್ವಲ್ಪ ಅಂತ ಸಾಮಾನೆಲ್ಲ ಸಿಕ್ಕಿತು. ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಪ್ರಿನ್ಸ್ ಆಫ್ ಪರ್ಷಿಯಾದಿಂದ ಹಿಡಿದು ರೋಡ್ ರ‍್ಯಾಶ್, ಏಜ್ ಆಫ್ ಎಂಪೈರ್ಸ್ ತನಕ ಎಲ್ಲ ಇದರಲ್ಲೇ ಓಡಬೇಕು ಅನ್ನೋದು ಆಸೆ. ಜಾಸ್ತಿ ಯೋಚನೆ ಮಾಡಬೇಕಾಗಿ ಬಂದದ್ದು ಮಾತ್ರ ಒಂದೇ ವಿಷಯಕ್ಕೆ: ಇದೆಲ್ಲ ಎಲ್ಲಿ ಇಟ್ಟುಕೊಳ್ಳೋದು?

ಹಳೇ ಐಡಿಇ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಆಗಿನ ವ್ಯವಸ್ಥೆ) ಹಾರ್ಡ್ ಡಿಸ್ಕ್ ಇತ್ತು. ಅದರ ಕಟಕಟ ಸದ್ದು ನನಗೆ ನಿಜಕ್ಕೂ ಇಷ್ಟ. ಆದರೆ ಇಪ್ಪತ್ತು ವರ್ಷ ದಾಟಿದ ಡಿಸ್ಕಿನ ಬೇರಿಂಗ್ ಯಾವಾಗ ಕೈಕೊಡುತ್ತೋ ಗೊತ್ತಿಲ್ಲ. ಗಂಟೆಗಟ್ಟಲೆ ಕೂತು ಡ್ರೈವರ್ ಹುಡುಕಿ ಹಾಕಿದ ವಿಂಡೋಸ್ 98 ಒಂದು ದಿನ ಡಿಸ್ಕಿನ ಜೊತೆಗೇ ಹೋಗೋದು ನನಗೆ ಬೇಡವಾಗಿತ್ತು.

ಹಾಗಂತ ಎಷ್ಟು ದೊಡ್ಡದು ಬೇಕಾದರೂ ಹಾಕೋಕೆ ಆಗಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡಿ ಡಿಸ್ಕ್ ಹುಡುಕುವ ಪ್ರೋಗ್ರಾಂ ಬಯೋಸ್, ಆ ಕಾಲದ ಬಯೋಸ್‌ಗಳಿಗೆ ಮಿತಿ ಇದೆ. 486 ಪ್ರೊಸೆಸರ್ ಕಾಲದ ಬಹಳಷ್ಟು ಬೋರ್ಡ್‌ಗಳು 504 ಎಂಬಿಗೆ ನಿಲ್ಲುತ್ತವೆ. ಆಮೇಲಿನವು 8.4 ಜಿಬಿಗೆ. ನನ್ನ ಬೋರ್ಡಿನ ತಲೆಮಾರಿನ ಎಷ್ಟೋ ಬಯೋಸ್‌ಗಳು 32 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಅದನ್ನು ಪತ್ತೆ ಮಾಡುವಾಗಲೇ ನಿಂತುಬಿಡುತ್ತವೆ. ಅದಕ್ಕೆ 16 ಜಿಬಿ ಸಾಕು ಅಂದುಕೊಂಡೆ. ಆಗಿನ ಗೇಮ್ ಬರುತ್ತಿದ್ದದ್ದು 650 ಎಂಬಿಯ ಸಿಡಿಯಲ್ಲಿ, ಅದರಲ್ಲೂ ಪೂರ್ತಿ ಇನ್‌ಸ್ಟಾಲ್ ಆಗುತ್ತಿದ್ದದ್ದು ಕಮ್ಮಿ. ಡಾಸ್‌ಗೆ 2 ಜಿಬಿಯೇ ಧಾರಾಳ. ಡಾಸ್ 6.22 ಬಳಸುವ ಫ್ಯಾಟ್16 ಮಾದರಿಯ ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) ಅದಕ್ಕಿಂತ ದೊಡ್ಡದಾಗೋದೂ ಇಲ್ಲ.

ಎಸ್‌ಎಸ್‌ಡಿ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಎಸ್‌ಎಸ್‌ಡಿಯ ಸಾಟಾ ಕನೆಕ್ಷನ್ನನ್ನು ಐಡಿಇಗೆ ಬದಲಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ 440ಬಿಎಕ್ಸ್‌ನ ಐಡಿಇ ಸೆಕೆಂಡಿಗೆ 33 ಎಂಬಿಗಿಂತ ಜಾಸ್ತಿ ಕೊಡಲ್ಲ. ಎಸ್‌ಎಸ್‌ಡಿಯ ವೇಗದಲ್ಲಿ ಬಹುಪಾಲು ವ್ಯರ್ಥ. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಅನ್ನೋದೇ ವಿಂಡೋಸ್ 98ಕ್ಕೆ ಗೊತ್ತಿಲ್ಲ. ಇನ್ನು ಈಗ ಅಂಗಡಿಯಲ್ಲಿ ಸಿಗುವ ಎಸ್‌ಎಸ್‌ಡಿ ಬಹುತೇಕ 32 ಜಿಬಿ ಮೇಲಿನವೇ. ಎಸ್‌ಡಿ ಕಾರ್ಡಿನ ಐಡಿಇ ಅಡಾಪ್ಟರ್ ಅಗ್ಗ. ಅದರ ನಡುವೆ ಒಂದು ಚಿಪ್ ಕೂತು ಭಾಷಾಂತರ ಮಾಡಬೇಕು, ಎಲ್ಲ ಬೋರ್ಡ್ ಜೊತೆಗೂ ಹೊಂದಿಕೊಳ್ಳಲ್ಲ.

ಕಾಂಪ್ಯಾಕ್ಟ್‌ಫ್ಲ್ಯಾಶ್ ಬೇರೆ ಥರ. ಸ್ಯಾನ್‌ಡಿಸ್ಕ್ 1994ರಲ್ಲಿ ತಂದ ಈ ಕಾರ್ಡಿಗೆ ಐಡಿಇ ಭಾಷೆ ತಾನಾಗಿಯೇ ಬರುತ್ತದೆ. ಅಡಾಪ್ಟರ್‌ನಲ್ಲಿ ಚಿಪ್ ಬೇಕಿಲ್ಲ, ಒಂದು ಕಡೆಯ ಪಿನ್ನನ್ನು ಇನ್ನೊಂದು ಕಡೆಯ ಪಿನ್ನಿಗೆ ಸೇರಿಸಿದರೆ ಆಯ್ತು. ಬೋರ್ಡಿನ ಕಣ್ಣಿಗೆ ಅದು ಹಾರ್ಡ್ ಡಿಸ್ಕೇ. ಮದುವೆ ಫೋಟೋ ತೆಗೆಯುವ ಗೆಳೆಯನ ಹತ್ತಿರ ಹಳೇ ಕ್ಯಾಮೆರಾದ ಕಾರ್ಡುಗಳು ಸುಮ್ನೆ ಬಿದ್ದಿದ್ದವು. ಸಂತೋಷದಿಂದ ಕೊಟ್ಟ.

ಕಾರ್ಡ್ ಹಾಕಿದ ಕೂಡಲೇ ಬಯೋಸ್‌ನಲ್ಲಿ ಹೆಸರು ಬಂತು. ವಿಂಡೋಸ್ 98 ಕೂಡ ಇನ್‌ಸ್ಟಾಲ್ ಆಯ್ತು. ಆದರೆ ಗೇಮ್‌ನಲ್ಲಿ ವಿಡಿಯೋ ಬಂದಾಗ ದನಿ ತುಂಡು ತುಂಡಾಗುತ್ತಿತ್ತು. ಡೇಟಾವನ್ನು ನೇರ ಮೆಮೊರಿಗೆ ಸಾಗಿಸುವ ಡಿಎಂಎ ಇಲ್ಲದಿದ್ದರೆ ಹೀಗಾಗುತ್ತದೆ, ಡಿಸ್ಕಿನಿಂದ ಬರುವ ಪ್ರತಿಯೊಂದನ್ನೂ ಪ್ರೊಸೆಸರೇ ಎತ್ತಿ ಇಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಎಂಎಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಲೋಗೋ ಬಂದು ಅಲ್ಲೇ ನಿಂತಿತು. ಸೇಫ್ ಮೋಡ್‌ಗೆ ಹೋಗಿ ಟಿಕ್ ತೆಗೆದ ಮೇಲೆಯೇ ಮತ್ತೆ ಓಡಿದ್ದು.

ಅಡಾಪ್ಟರ್ ಬಿಚ್ಚಿಕೊಂಡು ಮಲ್ಟಿಮೀಟರ್ ಹಿಡಿದೆ. ಐಡಿಇ ಕಡೆ ಡಿಎಂಎಗೆ ಬೇಕಾದ ಪಿನ್ನುಗಳು 21 ಮತ್ತು 29. ಪಿನ್ 20 ಇರಬೇಕಾದ ಜಾಗ ಖಾಲಿ ಇರುತ್ತದೆ, 21 ಅದರ ಹತ್ತಿರವೇ. ಕಾರ್ಡ್ ಕಡೆ ಅವು 43 ಮತ್ತು 44ಕ್ಕೆ ಸೇರಬೇಕು. ಪಕ್ಕದ ಪಿನ್ನುಗಳಿಗೆಲ್ಲ ಮೀಟರ್ ಬೀಪ್ ಅಂದಿತು. ಈ ಎರಡಕ್ಕೆ ಮಾತ್ರ ಸದ್ದಿಲ್ಲ. ತಯಾರಿಸಿದವರು ಆ ಎರಡು ಗೆರೆಗಳನ್ನು ಎಳೆದೇ ಇರಲಿಲ್ಲ! ಚಿಪ್ಪೇ ಇಲ್ಲದ, ಬರೀ ಗೆರೆಗಳ ಸಾಮಾನು ಅದು. ಅದರಲ್ಲೂ ಎರಡು ಗೆರೆ ಉಳಿಸುವುದು ಅನ್ಯಾಯ. ಡಿಎಂಎ ಗೆರೆ ಇರುವ ಬೇರೆ ಅಡಾಪ್ಟರ್ ತಂದೆ. ಜೊತೆಗೆ ಡಿಎಂಎ ಬೆಂಬಲ ಇರುವ, ಫ್ಯಾಕ್ಟರಿ ಯಂತ್ರಗಳಿಗಾಗಿ ಮಾಡಿದ 16 ಜಿಬಿ ಕಾರ್ಡನ್ನೂ ಕೊಂಡೆ. ದುಡ್ಡು ಜಾಸ್ತಿ ಆಯ್ತು ನಿಜ. ಆದರೆ ಈ ಕಾರ್ಡುಗಳು ತಮ್ಮನ್ನು ಕಿತ್ತು ಬದಲಿಸಬಹುದಾದ ಡಿಸ್ಕ್ ಅನ್ನದೆ ಖಾಯಂ ಡಿಸ್ಕ್ ಅಂತ ಹೇಳಿಕೊಳ್ಳುತ್ತವೆ. ಪದೇ ಪದೇ ಬರೆಯುವುದನ್ನೂ ಕ್ಯಾಮೆರಾ ಕಾರ್ಡಿಗಿಂತ ಚೆನ್ನಾಗಿ ತಾಳುತ್ತವೆ. ಈಗ ಟಿಕ್ ಹಾಕಿದರೂ ಬೂಟ್ ಆಗುತ್ತದೆ, ದನಿಯೂ ಒಡೆಯಲ್ಲ.

ನೀವೂ ಇದೇ ದಾರಿ ಹಿಡಿದರೆ, ಪಾರ್ಟಿಷನ್ನನ್ನು ಆ ಹಳೇ ಯಂತ್ರದಲ್ಲೇ ಮಾಡಿ. ಡಿಸ್ಕನ್ನು ಎಣಿಸುವ ಲೆಕ್ಕ ಒಂದೊಂದು ಬಯೋಸ್‌ನಲ್ಲಿ ಒಂದೊಂದು ಥರ, ಬೇರೆ ಕಡೆ ಮಾಡಿದ ಕಾರ್ಡ್ ಇಲ್ಲಿ ಬೂಟ್ ಆಗದೆ ಇರಬಹುದು. ಕ್ಯಾಮೆರಾದಲ್ಲಿದ್ದ ಕಾರ್ಡಿಗೆ ಕಂಪ್ಯೂಟರನ್ನು ಶುರು ಮಾಡಿಸುವ ಬೂಟ್ ಕೋಡ್ ಇರೋದಿಲ್ಲ. ಡಾಸ್ ಫ್ಲಾಪಿಯಿಂದ ಎಫ್‌ಡಿಸ್ಕ್ /ಎಂಬಿಆರ್ ಕೊಟ್ಟು, ಪಾರ್ಟಿಷನ್ನನ್ನು ಆಕ್ಟಿವ್ ಮಾಡಬೇಕು.

ಕಾರ್ಡ್ ಸ್ಲಾಟನ್ನು ಕ್ಯಾಬಿನೆಟ್ ಹಿಂಭಾಗದ ಬ್ರಾಕೆಟ್‌ಗೆ ಕೂರಿಸಿದ್ದೇನೆ. 16 ಜಿಬಿ ಕಾರ್ಡಿನಲ್ಲಿ ವಿಂಡೋಸ್, ಗೆಳೆಯ ಕೊಟ್ಟ 2 ಜಿಬಿ ಕಾರ್ಡಿನಲ್ಲಿ ಬರೀ ಡಾಸ್. ಪವರ್ ಪೂರ್ತಿ ಆರಿಸಿ ಕಾರ್ಡ್ ಬದಲಿಸಿದರೆ ಬೇರೆಯೇ ಕಂಪ್ಯೂಟರ್. ಓಡುತ್ತಿರುವಾಗ ಮಾತ್ರ ಕೀಳಬಾರದು, ಐಡಿಇಗೆ ಅದು ಆಗದು. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ಈಗಲೂ ಶುರುವಾಗುತ್ತದೆ, ಆದರೆ ಕಾಯಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬ್ಯಾಕಪ್. ಕಾರ್ಡನ್ನು ಯುಎಸ್‌ಬಿ ರೀಡರ್‌ನಲ್ಲಿಟ್ಟು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಡಿಡಿ ಕಮಾಂಡ್ ಕೊಟ್ಟರೆ ಡಿಸ್ಕೆಲ್ಲ ಒಂದೇ ಫೈಲ್ ಆಗುತ್ತದೆ. ಹೊಸ ಡ್ರೈವರ್ ಹಾಕುವ ಮೊದಲು ಹೀಗೆ ಒಂದು ಪ್ರತಿ ತೆಗೆದಿಡುತ್ತೇನೆ. ಕೆಟ್ಟರೆ ಅದನ್ನೇ ವಾಪಸ್ ಕಾರ್ಡಿಗೆ ಬರೆಯುತ್ತೇನೆ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವ ಕೆಲಸವೇ ಇಲ್ಲ.