ಎಳೆಯದೇ ತಿರುಗುವ, ನೋಡದೇ ತಿಳಿಯುವ 360 ಟೂರ್: ನನ್ನ ಅನುಭವ

"ಕಣ್ಣಿಲ್ಲದವರಿಗೆ ಫೋಟೋ ತೋರಸ್ತೀರೇನ್ರಿ?" ಅಂತ ಪಿ.ಜಿ. ಮಾಲೀಕರು ನಕ್ಕಿದ್ದರು. ನಮ್ಮ ಧಂದೆಯವರೇ ಒಂದಿಬ್ಬರು "ಯಾಕ್ ಬೇಕೋ ಈ ಉಸಾಬರಿ" ಅಂದಿದ್ದರು. 360 ಟೂರ್ ಅಂದರೆ ಒಂದು ಜಾಗದ ಸುತ್ತಲಿನ ಚಿತ್ರವನ್ನು ಪರದೆ ಮೇಲೆ ಎಳೆದು ತಿರುಗಿಸಿ ನೋಡೋದು, ಅದನ್ನು ದೃಷ್ಟಿ ಇಲ್ಲದವರೂ ಬಳಸೋ ಹಾಗೆ ಮಾಡಲು ಹೊರಟಿದ್ದೆ. ಈಗ ಅದು ಕೆಲಸ ಮಾಡ್ತಾ ಇದೆ, ಅದಕ್ಕೇ ಬರೀತಿದ್ದೇನೆ. ಫೋಟೋಗಳನ್ನು ಜೋಡಿಸೋ ಸ್ಟಿಚಿಂಗ್, ಟ್ರೈಪಾಡ್ ಅಳಿಸೋದು ಎಲ್ಲ ಟೂರ್ ಮಾಡುವ ನಿಮಗೆ ಗೊತ್ತಿರೋದೇ, ಆ ಗೋಜಿಗೆ ಹೋಗಲ್ಲ.

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಏಳೆಂಟು ವರ್ಷದಿಂದ ಕಲ್ಯಾಣ ಮಂಟಪ, ಶೋರೂಮ್, ಹಾಸ್ಟೆಲ್‌ಗಳ ಟೂರ್ ಮಾಡುತ್ತೇನೆ. ಧಾರವಾಡದ ಸಪ್ತಾಪುರ ಗೊತ್ತಲ್ಲ, ಕೋಚಿಂಗ್ ಹುಡುಗರಿಂದ ತುಂಬಿಹೋಗಿದೆ, ಪಿ.ಜಿ.ಗಳಿಗೆ ಲೆಕ್ಕವಿಲ್ಲ. ಅಲ್ಲಿನ ಒಂದು ಪಿ.ಜಿ.ಗೆ ಟೂರ್ ಮಾಡಿಕೊಟ್ಟಿದ್ದೆ. ಸುಮಾರು 9 ಸಾವಿರಕ್ಕೆ, 14 ಪನೋರಮಾ, ಅಂದರೆ ಸುತ್ತಲೂ ತಿರುಗಿಸಿ ನೋಡೋ ಚಿತ್ರ. ಮೂರನೇ ವಾರಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. ಬಾಗಲಕೋಟೆ ಕಡೆಯವನು, ಪೂರ್ತಿ ದೃಷ್ಟಿ ಇಲ್ಲ, ಪರೀಕ್ಷೆಗೆ ಓದಲು ಧಾರವಾಡಕ್ಕೆ ಬರಬೇಕಿತ್ತು. "ಸರ, ನಿಮ್ಮ ಟೂರ್ ನನ್ನ ಫೋನಿನ್ಯಾಗ ಮಾತೇ ಆಡವಲ್ದು" ಅಂದ. ಅಷ್ಟೇ ಅಂದಿದ್ದರೆ ಮರೆತುಬಿಡುತ್ತಿದ್ದೆನೇನೋ. "ಬಾತ್‌ರೂಮು ರೂಮಿನ ಒಳಗೈತೋ ಹೊರಗೈತೋ ಅಷ್ಟರ ಹೇಳ್ರಿ" ಅಂದ. 14 ಪನೋರಮಾ ತೆಗೆದವನು ನಾನು, ಥಟ್ ಅಂತ ಹೇಳೋಕೆ ಆಗಲಿಲ್ಲ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಪ್ರತಿ ಪನೋರಮಾಗೆ ಒಂದು ಸಾಲಿನ ವಿವರಣೆ ಅಂಟಿಸಿದೆ. "ವಿಶಾಲವಾದ, ಗಾಳಿ-ಬೆಳಕಿನ ಕೋಣೆ." ಅದನ್ನು ಕೇಳಿ ಅವನು ನಕ್ಕ. ಆಮೇಲೆ ಒಂದು ಪ್ಲಗಿನ್ ಕೊಂಡೆ. ಒಂದು ಸಾಲು ಕೋಡ್ ಹಾಕಿದರೆ ಸಾಕು, ಸೈಟು ಎಲ್ಲರಿಗೂ ಸುಲಭವಾಗುತ್ತೆ ಅಂತ ಮಾರುತ್ತಾರಲ್ಲ, ಅಂಥದ್ದು. ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ. ಮೂಲೆಯಲ್ಲಿ ಒಂದು ಐಕಾನ್ ಬಂತು, ಅಕ್ಷರ ದೊಡ್ಡದಾಯಿತು, ಬಣ್ಣ ಬದಲಾಯಿತು. ಪನೋರಮಾ ಮಾತ್ರ ಮೂಕಾಗಿಯೇ ಉಳಿಯಿತು. ಮೂಕಾಗದೆ ಇನ್ನೇನು? ಇಡೀ ದೃಶ್ಯ ಒಂದೇ ಕ್ಯಾನ್ವಾಸ್, ಅಂದರೆ ಅಕ್ಷರವೇ ಇಲ್ಲದ ಚಿತ್ರದ ಹಾಳೆ, ಪರದೆ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರೊಳಗೆ ಹಿಡಿಯೋಕೆ ಏನೂ ಇಲ್ಲ. ದುಡ್ಡು ನೀರಿಗೆ ಹಾಕಿದ ಹಾಗಾಯಿತು.

ಇನ್ನೊಂದು ಖರ್ಚು ಹೇಳಿದರೆ ನಗುತ್ತೀರಿ. ಮದುವೆಗಳಲ್ಲಿ ನಿರೂಪಣೆ ಮಾಡುವ ಗೆಳೆಯನೊಬ್ಬನಿಂದ ಚಂದದ ದನಿಯಲ್ಲಿ ವಿವರಣೆ ಓದಿಸಿ, ಹಿಂದೆ ಕೊಳಲು ಹಾಕಿ, ಪುಟ ತೆರೆದ ಕೂಡಲೇ ಶುರುವಾಗೋ ಹಾಗೆ ಮಾಡಿದೆ. ಅದಕ್ಕೆ 3 ಸಾವಿರ. ಹುಡುಗನಿಗೆ ತೋರಿಸಿದರೆ ಮುಖ ಕಿವುಚಿದ. ಅವನ ಸ್ಕ್ರೀನ್ ರೀಡರ್ ಮಾತಾಡೋದೂ ನನ್ನ ಕೊಳಲೂ ಒಟ್ಟಿಗೆ ಕೂಗಿದರೆ ನಿಲ್ಲಿಸುವ ಬಟನ್ ಎಲ್ಲಿದೆ ಅಂತಲೇ ಕೇಳಿಸಲ್ಲ ಅಲ್ವಾ. ಅದೂ ಅಲ್ಲದೆ ಅವನು ಕೇಳೋದು ನಮಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ. ಆ ಯಂತ್ರದ ದನಿ ನಮಗೆ ಕರ್ಕಶ, ಅವನಿಗೆ ಅದೇ ಹಿತ. ಕೊಳಲನ್ನು ಅವತ್ತೇ ತೆಗೆದೆ. ಗೆಳೆಯನ ದನಿಯನ್ನು ಬಟನ್ ಒತ್ತಿದರೆ ಮಾತ್ರ ಬರೋ ಹಾಗೆ ಇಟ್ಟು, ಕಿವಿ ಕೇಳದವರಿಗೆ ಅಂತ ಅದೇ ಮಾತನ್ನು ಕೆಳಗೆ ಬರಹದಲ್ಲೂ ಹಾಕಿದೆ.

ಬಾಣದ ಕೀಲಿಗಳ ಕಥೆ ಬೇರೆ. ಬಾಣ ಒತ್ತಿದರೆ ದೃಶ್ಯ ತಿರುಗುತ್ತೆ ಅಂತ ಹೆಮ್ಮೆಯಿಂದ ಇದ್ದೆ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡು ಕೂತಾಗ ಗೊತ್ತಾಯಿತು, ಪುಟ ಓದುವಾಗ ಆ ಕೀಲಿಗಳನ್ನು ಅದು ತನ್ನ ಓದಿಗೇ ಇಟ್ಟುಕೊಳ್ಳುತ್ತೆ, ನನ್ನ ಪನೋರಮಾವರೆಗೆ ಬರೋದೇ ಇಲ್ಲ. ಹಾಗಾದರೆ ಕೀಲಿಗಳನ್ನು ಪುಟಕ್ಕೇ ಬಿಟ್ಟುಕೊಡು ಅಂತ ಸ್ಕ್ರೀನ್ ರೀಡರ್‌ಗೆ ಹೇಳೋ ಅಪ್ಲಿಕೇಶನ್ ಅನ್ನೋ ರೋಲ್ ಕೊಡೋಣ ಅಂತ ಕೋಡಿನಲ್ಲಿ ಕೊಟ್ಟೆ. ಬಾಣ ಕೆಲಸ ಮಾಡಿತು, ಆದರೆ ಒಳಗೆ ಹೋದ ಮೇಲೆ ವಿವರಣೆ ಸಾಲು ಸಾಲಾಗಿ ಓದೋಕೆ ಆಗಲಿಲ್ಲ. ಇದರಲ್ಲೇ ಎರಡು ವಾರ ಹೋಯಿತು. ಹಾಟ್‌ಸ್ಪಾಟ್‌ಗಳನ್ನೆಲ್ಲ, ಅಂದರೆ ಚಿತ್ರದೊಳಗೆ ಒತ್ತುವ ಗುರುತುಗಳನ್ನೆಲ್ಲ, ಟ್ಯಾಬ್ ಕೀಲಿಗೆ ಸಿಗೋ ಹಾಗೆ ಮಾಡಿದೆ, ಒಂದೊಂದು ರೂಮಿಗೆ ಮೂವತ್ತು ಮೂವತ್ತೈದು. ಫ್ಯಾನು, ಕಿಟಕಿ, ಗೋಡೆ ಗಡಿಯಾರ ಎಲ್ಲ. ಟ್ಯಾಬ್ ಒತ್ತಿ ಒತ್ತಿ ಬೆರಳು ಸೋತವು, ನನ್ನವೇ.

ಕೊನೆಗೆ ದಾರಿ ಸಿಕ್ಕಿದ್ದು ಲಕ್ಕುಂಡಿಯಲ್ಲಿ. ಗದಗಿನಿಂದ ಹನ್ನೆರಡು ಕಿಲೋಮೀಟರ್. ಭಾನುವಾರ ಸುಮ್ನೆ ಹೋಗೋಣ ಅಂತ ಆ ಹುಡುಗನನ್ನೂ ಕರೆದುಕೊಂಡು ಹೋದೆ. ಅಲ್ಲಿನ ಕಾಶಿವಿಶ್ವೇಶ್ವರ ಗುಡಿ ನೋಡಿದ್ದರೆ ಗೊತ್ತಿರುತ್ತೆ, ಶಿವನ ಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಇದೆ. ನಾನು "ಎಡಕ್ಕೆ ನೋಡಿದರೆ ಇದು, ಬಲಕ್ಕೆ ನೋಡಿದರೆ ಅದು" ಅಂತ ವರ್ಣಿಸುತ್ತಿದ್ದೆ. ಅವನು ತಡೆದ. "ಸರ, ನೀವು ನಿಂತಲ್ಲೇ ತಿರುಗಾಕತ್ತೀರಿ. ನಾ ತಿರುಗೂದಿಲ್ಲ, ನಡೀತೀನಿ." ಆಮೇಲೆ ಒಂದು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಮೇಲಿಂದ ಕೆಳಗೆ ಸವರಿದ. ಚಾಲುಕ್ಯರ ಕಾಲದ ಕಡೆದ ಕಂಬ, ಕನ್ನಡಿ ಹಂಗೆ ನುಣುಪು. "ನೀವು ಸುಂದರ ಕೆತ್ತನೆ ಅಂತ ಬರದೀರಿ. ಇದು ಬಳೆ ಪೇರಿಸಿಧಂಗ ಐತಿ ಅಂತ ಬರೀರಿ, ನನಗ ತಿಳಿತದ" ಅಂದ.

ಗುಡಿಯಲ್ಲಿ ನಾವು ಪ್ರದಕ್ಷಿಣೆ ಹಾಕ್ತೀವಲ್ಲ, ಬಾಗಿಲಿಂದ ಶುರುಮಾಡಿ ಬಲಗೈಗೆ ದೇವರನ್ನು ಇಟ್ಟುಕೊಂಡು ಸುತ್ತಿ ಮತ್ತೆ ಬಾಗಿಲಿಗೇ ಬರೋದು. ಅದೇ ಕ್ರಮ ಹಿಡಿದೆ. ಪ್ರತಿ ರೂಮಿಗೂ ಬಾಗಿಲೇ ಮೊದಲ ಹೆಜ್ಜೆ. ಬಾಗಿಲಲ್ಲಿ ನಿಂತರೆ ಹೊಸ್ತಿಲು ಎಷ್ಟು ಎತ್ತರ, ಅಲ್ಲಿಂದ ಎಡಗೋಡೆ ಹಿಡಿದು ಹೊರಟರೆ ಮೊದಲು ಏನು ಸಿಗುತ್ತೆ, ಆಮೇಲೆ ಏನು, ಎಷ್ಟು ಹೆಜ್ಜೆಗೆ. ಒಂದು ರೂಮಿಗೆ ಐದಾರು ನಿಲ್ದಾಣ, ಅಷ್ಟೇ. ಫ್ಯಾನು, ಗಡಿಯಾರ ಎಲ್ಲ ಕಿತ್ತೆಸೆದೆ. ಎಳೆದು ತಿರುಗಿಸೋ ಚಿತ್ರ ಕಣ್ಣಿರುವವರಿಗೆ ಹಾಗೇ ಇದೆ, ಸ್ಕ್ರೀನ್ ರೀಡರ್‌ನಿಂದ ಅದನ್ನು ಅಡಗಿಸಿಟ್ಟೆ. ಅದರ ಪಕ್ಕದಲ್ಲೇ ಮಾಮೂಲಿ ಪಠ್ಯ. ರೂಮಿನ ಹೆಸರಿಗೆ ನಿಜವಾದ ಹೆಡಿಂಗ್, ನಿಲ್ದಾಣಗಳಿಗೆ ನಿಜವಾದ ಬಟನ್. ಎಚ್ ಕೀಲಿ ಒತ್ತಿದರೆ ರೂಮಿಂದ ರೂಮಿಗೆ ಹಾರಬಹುದು. ಬಟನ್ ಮೇಲೆ ಫೋಕಸ್ ಬಂದರೆ ಚಿತ್ರವೂ ಆ ಕಡೆ ತಿರುಗುತ್ತೆ, ಕಣ್ಣು ಮಸುಕಾದವರಿಗೂ ಕೈ ನಡುಗುವವರಿಗೂ ಅದೇ ಸಾಕು. ಪನೋರಮಾ ತೋರಿಸೋ ಪ್ಯಾನೆಲ್ಲಮ್ ಸಾಫ್ಟ್‌ವೇರ್ ಬಳಸುವವರು ಅದರ ಲುಕ್‌ಆ್ಯಟ್ ಆಜ್ಞೆ ನೋಡಿ, ಅನಿಮೇಶನ್ ಜಾಗದಲ್ಲಿ ಫಾಲ್ಸ್ ಕೊಟ್ಟರೆ ಜಾರದೆ ಟಕ್ ಅಂತ ನಿಲ್ಲುತ್ತೆ. ನಮ್ಮ ಮಾವನಿಗೆ ತಲೆಸುತ್ತಿನ ತೊಂದರೆ ಇದೆ, ತಾನಾಗೇ ತಿರುಗುವ ಟೂರ್ ನೋಡಿ ಕುರ್ಚಿ ಹಿಡಿದು ಕೂತಿದ್ದರು. ಅವತ್ತಿನಿಂದ ಆಟೋ-ರೊಟೇಟ್ ನನ್ನ ಯಾವ ಟೂರಲ್ಲೂ ಇಲ್ಲ.

ಹೆಜ್ಜೆ ಲೆಕ್ಕವನ್ನು ಪನೋರಮಾದಿಂದಲೇ ತೆಗೆಯೋಕೆ ನನ್ನದೊಂದು ಉಪಾಯ ಇದೆ, ಟೇಪ್ ಬೇಡ. ಅದನ್ನು ಇಲ್ಲಿ ಹೇಳೋದಿಲ್ಲ, ಹೊಟ್ಟೆಪಾಡು ನೋಡಿ. ಅಂದಾಜಿಗೆ ಅರ್ಧ ಹೆಜ್ಜೆ ಆಚೀಚೆ ಬರುತ್ತೆ, ಸಾಕು.

ಸಣ್ಣಪುಟ್ಟವು ಕೆಲವು. ಟೆಂಪ್ಲೇಟಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತಲೇ ಉಳಿದಿತ್ತು, ಕನ್ನಡದ ಸಂಕೇತ ಕೆಎನ್ ಅಂತ ಬದಲಿಸೋವರೆಗೂ ಲ್ಯಾಪ್‌ಟಾಪಿನ ದನಿ ಕನ್ನಡವನ್ನು ನುಂಗುತ್ತಿತ್ತು. ಇದೊಂದಕ್ಕೆ ನಾನು ಮೂರು ದಿನ ತಲೆ ಕೆರೆದುಕೊಂಡಿದ್ದೇನೆ. ರೂಮಿನ ಅಳತೆಯನ್ನು ನಡುವೆ ಎಕ್ಸ್ ಹಾಕಿ ಬರೆದರೆ ಅದು ಎಕ್ಸ್ ಅಂತಲೇ ಓದುತ್ತೆ, "12 ಅಡಿ ಉದ್ದ, 10 ಅಡಿ ಅಗಲ" ಅಂತ ಬಿಡಿಸಿ ಬರೆಯಿರಿ. ಬಿಳಿ ಗೋಡೆ ಮೇಲೆ ಬಿಳಿ ಹಾಟ್‌ಸ್ಪಾಟ್ ಇಡಬೇಡಿ, ಕಪ್ಪು ಉಂಗುರದ ಸುತ್ತ ಬಿಳಿ ಉಂಗುರ ಹಾಕಿದರೆ ಯಾವ ಗೋಡೆಗೂ ಕಾಣುತ್ತೆ. ಇನ್ನು ಕಾಯ್ದೆ, ನಿಯಮ ಅಂತ ಕೇಳುವವರಿಗೆ, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದಲೇ ಇದೆ. ವೆಬ್‌ಸೈಟು ಅಂಗವಿಕಲರಿಗೂ ಸುಲಭವಾಗಿರಲಿ ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ, ಅಂದರೆ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಬೇಕು ಅಂತ ಸೇರಿಸಿದ್ದಾರೆ. ನಮ್ಮ ಧಂದೆ ನಿಂತಿರೋದೇ ಎಳೆಯೋದರ ಮೇಲೆ, ಯೋಚನೆ ಮಾಡಿ.

ಒಂದು ಅಡ್ಡ ಪ್ರಯೋಗ ಕಲ್ಯಾಣ ಮಂಟಪದಲ್ಲಿ ಮಾಡಿದೆ. ಕ್ಯಾಮೆರಾವನ್ನು ನಿಂತವರ ಕಣ್ಣಿನ ಎತ್ತರದಿಂದ ಇಳಿಸಿ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ, ಸುಮಾರು ನಾಲ್ಕು ಅಡಿಗೆ ಇಟ್ಟೆ. ಊಟದ ಕೌಂಟರ್ ಗೋಡೆಯಂತೆ ಕಂಡಿತು, ತಟ್ಟೆ ಕಾಣಲೇ ಇಲ್ಲ. ವೇದಿಕೆಗೆ ಹಿಂದಿನಿಂದ ಇಳಿಜಾರು ಇದೆ ಅಂತ ಮ್ಯಾನೇಜರಿಗೇ ಗೊತ್ತಿರಲಿಲ್ಲ, ಅದರ ಮೇಲೆ ಕುರ್ಚಿ ಪೇರಿಸಿದ್ದರು. ಬಾಗಿಲಿನ ಅಗಲವನ್ನೂ ಬರೆದು ಹಾಕಿದೆ. ಚಿತ್ರಕ್ಕಿಂತ ಆ ಒಂದು ಸಾಲಿನ ಬಗ್ಗೆ ಫೋನ್ ಜಾಸ್ತಿ ಬಂದವು. ಗುಡಿಯ ಸದ್ದನ್ನು ಹೆಲ್ಮೆಟ್ಟಿಗೆ ಎರಡು ಮೈಕ್ ಅಂಟಿಸಿ ಹಿಡಿಯೋಕೂ ಹೋಗಿದ್ದೆ, ಗಾಳಿ ಮತ್ತು ನನ್ನ ಉಸಿರು ಬಿಟ್ಟರೆ ಏನೂ ಬರಲಿಲ್ಲ.

ಟೂರ್ ಸರಿಯಿದೆಯಾ ಅನ್ನೋ ಪರೀಕ್ಷೆಯನ್ನು ಪುಕ್ಕಟೆ ಮಾಡಿಸಬೇಡಿ. ನಾನು ಒಂದು ಸಲಕ್ಕೆ 500 ರೂಪಾಯಿ ಕೊಡುತ್ತೇನೆ, ಇಲ್ಲಿಯವರೆಗೆ ನಾಲ್ಕು ಜನರಿಗೆ ಐದಾರು ಸಾವಿರ ಹೋಗಿರಬಹುದು. ಪ್ಲಗಿನ್‌ಗೆ ಸುರಿದದ್ದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಇದು ದುಡಿಯಿತು.

ಆ ಹುಡುಗ ಅದೇ ಪಿ.ಜಿ.ಗೆ ಬಂದ. ಮೊದಲ ದಿನವೇ ಗೇಟಿನಿಂದ ಮೆಟ್ಟಿಲು ಹತ್ತಿ, ಯಾರನ್ನೂ ಕೇಳದೆ ನೀರಿನ ಫಿಲ್ಟರ್‌ವರೆಗೆ ಹೋದ. ಮಾಲೀಕರು ಬಾಯಿ ಬಿಟ್ಟುಕೊಂಡು ನಿಂತಿದ್ದರು, ನಾನೂ ಮೀಸೆ ತಿರುವುತ್ತಿದ್ದೆ. ಅಲ್ಲಿಂದ ರೂಮಿನ ಕಡೆ ತಿರುಗಿದವನೇ ಠಪ್ ಅಂತ ಹಣೆ ಬಡಿಸಿಕೊಂಡ. ಪ್ಯಾಸೇಜಿಗೆ ತೆರೆದುಕೊಳ್ಳುವ ಕಿಟಕಿ ಬಾಗಿಲು, ಸರಿಯಾಗಿ ತಲೆ ಎತ್ತರಕ್ಕೆ. ಬಿಳಿ ಕೋಲು ನೆಲದ ಮೇಲಿನದನ್ನು ಹಿಡಿಯುತ್ತೆ, ತಲೆ ಎತ್ತರದ್ದು ಅದಕ್ಕೆ ಸಿಗಲ್ಲ. ನನ್ನ ಪನೋರಮಾದಲ್ಲಿ ಆ ಕಿಟಕಿ ಮುಚ್ಚಿತ್ತು, ಚಂದ ಕಾಣಲಿ ಅಂತ ಶೂಟಿಂಗ್ ದಿನ ನಾನೇ ಮುಚ್ಚಿಸಿದ್ದೆ. ಹಣೆ ಉಜ್ಜಿಕೊಳ್ಳುತ್ತಾ "ಇದನ್ನ ಬರದಿಲ್ಲಲ್ರಿ ಸರ" ಅಂದ. ಅವತ್ತು ರಾತ್ರಿಯೇ ಪ್ರತಿ ರೂಮಿನ ಪಠ್ಯಕ್ಕೂ "ತಲೆಗೆ ತಾಗುವಂಥವು" ಅಂತ ಒಂದು ಸಾಲು ಸೇರಿಸಿದೆ.

ಮಾಲೀಕರು ಕಿಟಕಿಗೆ ಒಳಗಡೆ ತೆರೆಯೋ ಕೀಲು ಹಾಕಿಸಿದ್ದಾರೆ. ಎರಡನೇ ಕಟ್ಟಡಕ್ಕೂ ಟೂರ್ ಬೇಕಂತೆ, "ಆ ಓದೂದು ಸೇರಿಸೇ ಮಾಡ್ರಿ" ಅಂದರು. 12 ಸಾವಿರ ಹೇಳಿದ್ದೇನೆ, ಅವರು 10ರಲ್ಲೇ ನಿಂತಿದ್ದಾರೆ.