ಮೇ ತಿಂಗಳ ಮಾರಾ: ಅರ್ಧ ದುಡ್ಡು, ಪೂರ್ತಿ ಜೀಪು

ಕೀನ್ಯಾದ ಮಸಾಯಿ ಮಾರಾ ಕಾಡಿಗೆ ಮೇ ಕೊನೆಯಲ್ಲಿ ಹೋಗುತ್ತೇವೆ ಅಂದಾಗ ನಮ್ಮ ಫೋಟೋಗ್ರಫಿ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. “ಮಳ್ಯಾಗ ಹೋಗಿ ಏನ್ ನೋಡ್ತೀರಿ, ಹುಲ್ಲ?” ಅಂದರು ಒಬ್ಬರು. ಕಬಿನಿಯಲ್ಲಿ ವರ್ಷಗಟ್ಟಲೆ ಕೂತು ಪಳಗಿದ ಇನ್ನೊಬ್ಬರು, “ವೈಲ್ಡ್‌ಬೀಸ್ಟ್ ಹಿಂಡುಗಳ ವಲಸೆ ಇಲ್ಲದ ಮಾರಾಕ್ಕೆ ಲಕ್ಷ ಸುರಿಯೋ ಬದಲು ಅದೇ ದುಡ್ಡಲ್ಲಿ ಕಬಿನಿಗೇ ಎಷ್ಟು ಸಲ ಬರಬಹುದು ಲೆಕ್ಕ ಹಾಕಿ” ಅಂದರು. ಚಿತ್ರ ನೋಡಿದ ಮೇಲೆ ಈಗ ಅವರೇ ಫೋನ್ ಮಾಡಿ ಖರ್ಚಿನ ಲೆಕ್ಕ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಬರೆದುಬಿಡುವುದು ಮೇಲು.

ಹಿಂದೆ ವಲಸೆ ನಡೆಯುವ ಆಗಸ್ಟ್‌ನಲ್ಲಿ ಎಲ್ಲರ ಹಾಗೆ ಗುಂಪಿನಲ್ಲಿ ಹೋದದ್ದುಂಟು. ಕಾಡಿನೊಳಗೇ ವಸತಿ ಎಂದು ಮುಂಗಡ ತೆಗೆದುಕೊಂಡ ಏಜೆಂಟ್, ನೈರೋಬಿಯಲ್ಲಿ ಇಳಿದ ಮೇಲೆ ಸೆಕೆನಾನಿ ಗೇಟಿನ ಹೊರಗಿನ ಹೋಟೆಲಿಗೆ ಹಾಕಿದ. ದಿನಾ ಬೆಳಗಿನ ಒಳ್ಳೆಯ ಬೆಳಕೆಲ್ಲ ಗೇಟಿನ ಸಾಲಿನಲ್ಲೇ ಹೋಯಿತು. ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವಾಗ ದಂಡೆಯ ಮೇಲೆ ಮೂವತ್ತಕ್ಕೂ ಹೆಚ್ಚು ಗಾಡಿ. ನಮ್ಮ ಗಾಡಿಯಲ್ಲಿ ಆರು ಮಂದಿ, ಪ್ರತಿಯೊಬ್ಬರ ಕೈಯಲ್ಲೂ ಉದ್ದ ಲೆನ್ಸು. ನನ್ನ ಹೆಂಡತಿಗೆ ಮಂಡಿನೋವು, ನಿಂತು ನಿಂತು ಸಾಕಾಗಿ, “ರೀ, ಇನ್ನೊಮ್ಮೆ ಬಂದರೆ ನಾವಿಬ್ಬರೇ, ನಮ್ಮದೇ ಗಾಡಿ” ಎಂದಳು. ಆ ಮಾತು ಹಿಡಿದು ಹೊರಟೆ. ಆದರೆ ಅಲ್ಲಿನ ಒಳ್ಳೆಯ ಕ್ಯಾಂಪ್‌ಗಳಲ್ಲಿ ಇಬ್ಬರಿಗೇ ಜೀಪು ಕೊಡಲು ದಿನಕ್ಕೆ 300-400 ಡಾಲರ್ ಬೇರೆ ಕೇಳುತ್ತಾರೆ, ಟೆಂಟ್ ಬಾಡಿಗೆ ಬಿಟ್ಟು. ಆಗಸ್ಟ್‌ನಲ್ಲಿ ಅದು ನಮ್ಮಂಥವರ ಕೈಗೆ ಎಟಕುವ ಮಾತಲ್ಲ.

ನನ್ನ ಲೆಕ್ಕ ಇಷ್ಟೇ ಇತ್ತು. ಏಪ್ರಿಲ್-ಮೇ ಅಲ್ಲಿ ದೊಡ್ಡ ಮಳೆಗಾಲ. ಹಲವು ಕ್ಯಾಂಪ್ ಮುಚ್ಚಿರುತ್ತವೆ, ತೆರೆದಿರುವವು ಖಾಲಿ. ಖಾಲಿ ಕ್ಯಾಂಪಿನಲ್ಲಿ ಹಂಚಿಕೊಳ್ಳುವ ಜೀಪಿನ ದರ ಕೊಟ್ಟರೂ ಹಂಚಿಕೊಳ್ಳಲು ಬೇರೆ ಯಾರು ಇರುತ್ತಾರೆ? ಹಾಗೇ ಆಯಿತು. ಒಂದು ರೂಪಾಯಿ ಹೆಚ್ಚಿಗೆ ಕೊಡದೆ ಉಳಿದಷ್ಟೂ ದಿನ ಜೀಪು ನಮ್ಮಿಬ್ಬರದೇ.

ಹುಲ್ಲಿನ ಪ್ರಶ್ನೆಗೆ ಬರುತ್ತೇನೆ, ಎಲ್ಲರೂ ತಪ್ಪಿದ್ದು ಇಲ್ಲೇ. ಮಳೆಯಲ್ಲಿ ಹುಲ್ಲು ಎದೆಯುದ್ದ ಬೆಳೆದರೆ ಸಿಂಹ ಮಲಗಿದ್ದರೂ ಕಾಣುವುದಿಲ್ಲ ಎಂಬುದು ರಿಸರ್ವ್‌ನ, ಅಂದರೆ ಸರಕಾರಿ ಸಂರಕ್ಷಿತ ಕಾಡಿನ, ಮಟ್ಟಿಗೆ ನಿಜ. ಆದರೆ ನಾವು ಉಳಿದದ್ದು ರಿಸರ್ವ್‌ನಲ್ಲಲ್ಲ, ಅದರ ಪಕ್ಕದ ನಬೊಯಿಶೊ ಕನ್ಸರ್ವೆನ್ಸಿ ಎಂಬ ಖಾಸಗಿ ವನ್ಯಜೀವಿ ಪ್ರದೇಶದಲ್ಲಿ. ಅದು ಸುಮಾರು 50,000 ಎಕರೆ, 2010ರಲ್ಲಿ ಶುರುವಾದದ್ದು. ನೆಲ ದನಗಾಹಿಗಳಾದ ಮಸಾಯಿ ಕುಟುಂಬಗಳದ್ದು, ಕ್ಯಾಂಪಿನವರು ತಿಂಗಳಿಗಿಷ್ಟು ಎಂದು ಗೇಣಿ ಕೊಡುತ್ತಾರೆ. ಅಲ್ಲಿ ದನ ಮೇಯಿಸುವುದಕ್ಕೆ ಸರದಿ ಇದೆ. ದನ ಮೇಯ್ದು ಹೋದ ಬಯಲಿನಲ್ಲಿ ಹುಲ್ಲು ಗಿಡ್ಡ, ಎಳೆಯದು. ಜಿಂಕೆಗಳಿಗೆ ಬೇಕಾದ್ದು ಅದೇ, ಮತ್ತು ಕಳ್ಳಹೆಜ್ಜೆಯ ಪ್ರಾಣಿ ದೂರದಿಂದಲೇ ಕಾಣುವ ಜಾಗವೂ ಅದೇ. ಟಾಮ್ಸನ್ಸ್ ಗೆಜೆಲ್ ಎಂಬ ಸಣ್ಣ ಜಿಂಕೆಗಳೆಲ್ಲ ಅಲ್ಲಿ ಸೇರುತ್ತವೆ, ಅವುಗಳ ಹಿಂದೆ ಚೀತಾ. ಆದ್ದರಿಂದ ಬುಕ್ ಮಾಡುವ ಮುಂಚೆ ದನ ಈಗ ಯಾವ ಕಡೆ ಮೇಯುತ್ತಿವೆ ಎಂದು ಕ್ಯಾಂಪಿನವರನ್ನು ಕೇಳಿ. ಅದರ ಜೊತೆಗೆ ನಾನು ಕೇಳಿದ ಇನ್ನೊಂದು ಪ್ರಶ್ನೆ ಇದೆ, ಟೆಂಟ್ ದರ ಇಳಿದದ್ದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಕ್ಯಾಂಪಿನ ಹೆಸರೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಕನ್ಸರ್ವೆನ್ಸಿಯಲ್ಲಿ ದಾರಿ ಬಿಟ್ಟು ಗಾಡಿ ಇಳಿಸಬಹುದು, ರಾತ್ರಿ ಸಫಾರಿ ಇದೆ, ಮಸಾಯಿ ಗೈಡ್ ಜೊತೆ ನಡೆದೂ ಹೋಗಬಹುದು. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲುವಂತಿಲ್ಲ. ನಾವಿದ್ದಾಗ ಎರಡನೇ ಗಾಡಿ ಕಂಡದ್ದೇ ಅಪರೂಪ. ರಿಸರ್ವ್ ಒಳಗೆ ಕಾಲಿಡಲೇ ಇಲ್ಲ, ಹಾಗಾಗಿ ಅದರ ಶುಲ್ಕ ಉಳಿಯಿತು. 2024ರಿಂದ ಅದು ಜನವರಿಯಿಂದ ಜೂನ್‌ವರೆಗೆ ತಲೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ 200. ಆಗಸ್ಟ್ ಗಿರಾಕಿಗಳು ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಲಿ.

ಮಳೆ ಕಾಡಲಿಲ್ಲ ಎಂದಲ್ಲ. ಹೋಗುವ ದಿನವೇ ನಮ್ಮ ಏರ್‌ಸ್ಟ್ರಿಪ್ ಒದ್ದೆಯಾಗಿ, ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಟ ಸಣ್ಣ ವಿಮಾನ ಬೇರೆ ಕಡೆ ಇಳಿಸಿತು. ಅಲ್ಲಿಂದ ಕ್ಯಾಂಪಿಗೆ ಎರಡೂವರೆ ತಾಸು. ಮಾರನೆಯ ಸಂಜೆ ಗಾಡಿ ಹೂತಿತು. ಅಲ್ಲಿನ ನೆಲ ನಮ್ಮ ನವಲಗುಂದದ ಎರೆಮಣ್ಣೇ. ಮಳೆ ಬಿದ್ದ ಎರೆಯಲ್ಲಿ ಚಕ್ರ ತಿರುಗಿಸಿದಷ್ಟೂ ಒಳಗೆ ಇಳಿಯುತ್ತದೆ ಎಂಬುದು ಹೊಲ ಕಂಡವರಿಗೆ ಹೇಳಬೇಕಾದ್ದಿಲ್ಲ. ಗೈಡ್ ಮೊದಲು ದುರ್ಬೀನಿನಲ್ಲಿ ಸುತ್ತ ನೋಡಿ ಆಮೇಲೆ ಇಳಿದ. ಉದ್ದ ಜಾಕ್ ಏರಿಸಿ, ಚಕ್ರದಡಿ ಕಲ್ಲು, ಕೊಂಬೆ ತುರುಕಿದ. ಕಲ್ಲು ಆರಿಸಿ ತಂದುಕೊಡುವುದು ನನ್ನ ಕೆಲಸ. ಹೆಂಡತಿ ಸೀಟಿನ ಮೇಲೆ ನಿಂತು ಕಾವಲು. ಅರ್ಧ ಫರ್ಲಾಂಗಿನಲ್ಲಿ ಆನೆ ಹಿಂಡು ಮೇಯುತ್ತಿತ್ತು. ಕತ್ತಲಾದ ಮೇಲೆ ಕ್ಯಾಂಪಿನಿಂದ ಇನ್ನೊಂದು ಗಾಡಿ ಬಂದು ಎಳೆಯಿತು. ಆ ಸಂಜೆಯ ಬೆಳಕು ಪೂರ್ತಿ ಹೋಯಿತು. ಮೇ ತಿಂಗಳಲ್ಲಿ ಹೋಗುವವರು ಇಂಥ ಒಂದು ಸಂಜೆಯನ್ನು ಕಳೆದೇ ಲೆಕ್ಕ ಹಾಕಿ.

ಆದರೆ ಮರುದಿನ ಬೆಳಗ್ಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ ಸಿಗುವಂಥದ್ದಲ್ಲ. ಮಳೆ ನಿಂತು ಹತ್ತು ನಿಮಿಷವಾಗಿರಬಹುದು. ಧೂಳಿನ ಒಂದು ಕಣ ಇಲ್ಲ, ಹಿಂದೆ ಕಡುನೀಲಿ ಮೋಡ. ಹುತ್ತದ ಮೇಲೆ ತಾಯಿ ಚೀತಾ, ಪಕ್ಕದಲ್ಲಿ ಬೆಳೆದ ಎರಡು ಮರಿ. ಕತ್ತಿನ ಕೂದಲು ನೆನೆದು ಮುಳ್ಳುಮುಳ್ಳಾಗಿ ನಿಂತಿತ್ತು. ಗೈಡ್ ಹತ್ತಿರ ಹೋಗಲಿಲ್ಲ. ಗೆಜೆಲ್ ಯಾವ ಕಡೆ ತಿರುಗಬಹುದೆಂದು ಅಂದಾಜು ಮಾಡಿ ಬಹಳ ಮುಂದೆ ಹೋಗಿ ಸೂರ್ಯನ ಎದುರಿಗೆ ನಿಲ್ಲಿಸಿ ಎಂಜಿನ್ ಆರಿಸಿದ. ತಾಯಿ ಎದ್ದು ಮೈ ಕೊಡವಿದಾಗ ಹನಿಗಳು ಹಿಂಬೆಳಕಿನಲ್ಲಿ ಚೆದುರಿದವು, ಆಮೇಲೆ ಓಟ ನೇರ ನಮ್ಮ ಕಡೆಗೇ. ಗೆಜೆಲ್ ತಪ್ಪಿಸಿಕೊಂಡಿತು, ಚಿತ್ರ ತಪ್ಪಲಿಲ್ಲ. ನನ್ನ ಇಷ್ಟು ವರ್ಷಗಳ ಚಿತ್ರಗಳಲ್ಲಿ ಅದಕ್ಕೆ ಸಾಟಿ ಇನ್ನೊಂದಿಲ್ಲ. ಕೀನ್ಯಾದ ಸಫಾರಿ ಗೈಡ್‌ಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ಬ್ಯಾಡ್ಜ್ ಕೊಡುತ್ತದೆ. ನಮ್ಮವನದು ಬೆಳ್ಳಿ. ಮೇಲ್ ಬರೆಯುವಾಗಲೇ ಬೆಳ್ಳಿಗಿಂತ ಕಡಿಮೆ ಬೇಡ ಎಂದಿದ್ದೆ. ಸ್ನಾನದ ತೊಟ್ಟಿ, ಸಂಜೆಯ ಶಾಂಪೇನ್‌ಗಿಂತ ಅಲ್ಲಿ ನಿಜವಾದ ಐಷಾರಾಮ ಇದು.

ಟೆಂಟೂ ಕಡಿಮೆಯದಲ್ಲ. 1,500 ಮೀಟರ್‌ಗೂ ಮೇಲಿನ ಜಾಗ, ರಾತ್ರಿ ಚಳಿ. ಊಟ ಮುಗಿಸಿ ಬರುವಷ್ಟರಲ್ಲಿ ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟಿರುತ್ತಿದ್ದರು. ನನ್ನಾಕೆಯ ಮಂಡಿಗೆ ಅದೇ ಔಷಧ.

ಸಸ್ಯಾಹಾರಿಗಳು ಹೆದರಬೇಡಿ. ಚಪಾತಿ, ಬೀನ್ಸ್, ಸುಕುಮ ವಿಕಿ ಸೊಪ್ಪಿನ ಪಲ್ಯ ದಿನಾ ಇತ್ತು. ಅಡುಗೆಯವರು ಪಶ್ಚಿಮ ಕೀನ್ಯಾದ ಕಿಸಿ ಕಡೆಯವರು. ಬೆಳಗ್ಗೆ ಸಿಬ್ಬಂದಿಗೆ ಮಾಡಿದ ಗಂಜಿಯ ಬಣ್ಣ ನೋಡಿ ಹೆಂಡತಿಗೆ ಅನುಮಾನ ಬಂತು. ಕೇಳಿದರೆ ವಿಂಬಿ, ಅಂದರೆ ನಮ್ಮ ರಾಗಿ! ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ ತಾನೆ. ಅವಳ ತವರು ತುಮಕೂರಿನ ಕಡೆ. ಅನುಮತಿ ಕೇಳಿ ಅಡುಗೆಮನೆಗೆ ಹೋಗಿ ಎಸರಿಟ್ಟಳು. ಹಿಟ್ಟು ತುಸು ತರಿ, ಮೊದಲ ಸಲ ಗಂಟಾಯಿತು. ಎರಡನೇ ಸಲ ಕಿಸಿಯವರು ಮರದ ಸಟ್ಟುಗದಲ್ಲಿ ತಾವೇ ತಿರುವಿದರು, ಮುದ್ದೆ ನುಣ್ಣಗೆ ಬಂತು. ಬೀನ್ಸ್ ಸಾರಿನ ಜೊತೆ ಎಲ್ಲರೂ ಉಂಡೆವು. ಅದೇ ಬೀನ್ಸನ್ನು ನಾನು ಲೆನ್ಸಿಗೆ ಆಸರೆಯಾಗಿ ಇಡಲು ಖಾಲಿ ಒಯ್ದಿದ್ದ ಬೀನ್‌ಬ್ಯಾಗಿಗೂ ತುಂಬಿಸಿಕೊಂಡೆ. ಅಕ್ಕಿ ತುಂಬಿಸಿಯೂ ನೋಡಿದೆ, ಒಂದು ದಿನಕ್ಕೇ ಗಟ್ಟಿಯಾಗಿ ಕೂತುಬಿಡುತ್ತದೆ. ಸಣ್ಣ ವಿಮಾನದಲ್ಲಿ ಕ್ಯಾಮೆರಾ ಸೇರಿ ತಲೆಗೆ 15 ಕಿಲೋ, ಮೆತ್ತನೆಯ ಚೀಲವೇ ಆಗಬೇಕು. ಅಲ್ಲಿಗೆ ತುಂಬಿದ ಬೀನ್‌ಬ್ಯಾಗ್ ಒಯ್ಯುವ ಮಾತೇ ಇಲ್ಲ.

ಇನ್ನು ದುಡ್ಡು, ನೆನಪಿದ್ದ ಮಟ್ಟಿಗೆ. ಆಗಸ್ಟ್‌ನಲ್ಲಿ ತಲೆಗೆ ರಾತ್ರಿಗೆ ಸಾವಿರ ಡಾಲರ್ ದಾಟುವ ಟೆಂಟ್ ನಮಗೆ 500 ಚಿಲ್ಲರೆಗೆ ಸಿಕ್ಕಿತು. ಊಟ, ಸಫಾರಿ, ಕನ್ಸರ್ವೆನ್ಸಿ ಶುಲ್ಕ ಎಲ್ಲ ಅದರಲ್ಲೇ. ಬೆಂಗಳೂರಿನಿಂದ ಆಡಿಸ್ ಅಬಾಬಾ ಮೇಲೆ ನೈರೋಬಿಗೆ ಇಬ್ಬರಿಗೂ ಹೋಗಿಬರಲು ಲಕ್ಷದ ಒಳಗೆ. ವಿಲ್ಸನ್‌ನಿಂದ ಮಾರಾ ಹೋಗಿಬರಲು 60-65 ಸಾವಿರ. ಇಟಿಎ (ಕೀನ್ಯಾ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ), ಗೈಡಿಗೆ ದಿನಕ್ಕೆ 20 ಡಾಲರ್ ಭಕ್ಷೀಸು, ಸಿಬ್ಬಂದಿಯ ಡಬ್ಬಿಗೆ ಒಂದಿಷ್ಟು. ಎಲ್ಲ ಸೇರಿ ಐದೂವರೆ ಲಕ್ಷದ ಆಸುಪಾಸು. ಇದೇ ಟೆಂಟು, ಇಬ್ಬರಿಗೇ ಜೀಪು, ಆಗಸ್ಟ್‌ನಲ್ಲಾದರೆ ಹನ್ನೊಂದಕ್ಕೆ ಕಡಿಮೆ ಇಲ್ಲ. ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು, ವಾಪಸು ಬಂದಾಗ ಇಲ್ಲಿ ಕಾರ್ಡ್ ಕೇಳುತ್ತಾರೆ. ಕ್ಯಾಂಪಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಅವರದೊಂದು ಮೂರು ಪರ್ಸೆಂಟ್, ಬ್ಯಾಂಕಿನದೊಂದು ಮೂರೂವರೆ. ನಾನು ಬ್ಯಾಂಕಿನಿಂದ ನೇರ ಡಾಲರ್ ಕಳಿಸಿದೆ, ಸುಮಾರು ಇಪ್ಪತ್ತು ಸಾವಿರ ಉಳಿಯಿತು. ವಿಲ್ಸನ್‌ನಿಂದ ಹೋಗಿಬರುವ ಟಿಕೆಟ್‌ನ ಸುಮಾರು ಮೂರನೇ ಒಂದು ಭಾಗ ಅಲ್ಲೇ ಹುಟ್ಟಿತು.