ಬೆಳಕನ್ನು ಮೀರುವ ಸಂದೇಶ ಜಾಲ: ಕಥೆಗೆ, ನಾಟಕಕ್ಕೆ ಕಟ್ಟಿಕೊಳ್ಳುವ ಬಗೆ

ನಕ್ಷತ್ರದಿಂದ ನಕ್ಷತ್ರಕ್ಕೆ ಮಾತು ಮುಟ್ಟಿಸುವ ಜಾಲವನ್ನು ಕಥೆಗೋ ಕಾಲೇಜು ನಾಟಕಕ್ಕೋ ಕಲ್ಪಿಸುವವರು ಸಾಮಾನ್ಯವಾಗಿ ಯಂತ್ರಕ್ಕೆ ಹೆಸರಿಡುವುದರಿಂದ ಶುರು ಮಾಡುತ್ತಾರೆ. ಹೆಸರು ಕೊನೆಗೆ ಇಟ್ಟರೂ ನಡೆಯುತ್ತದೆ. ಮೊದಲು ಬೇಕಾದದ್ದು ಒಂದು ಹಾಳೆ. ಯಾವ ನೆಲೆಯಿಂದ ಯಾವ ನೆಲೆಗೆ ಸಂದೇಶ ಎಷ್ಟು ತಾಸಿಗೆ ಮುಟ್ಟುತ್ತದೆ ಎಂಬ ಪಟ್ಟಿ ಅದರಲ್ಲಿರಲಿ. ಆ ಪಟ್ಟಿ ಕೈಯಲ್ಲಿದ್ದರೆ ಜಗಳ, ಗುಟ್ಟು, ತಪ್ಪು ತಿಳಿವಳಿಕೆಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ದೂರದ ಅಂದಾಜು ಸಿಗಲು ವಿಜಯಪುರದ ಗೋಳಗುಮ್ಮಟವನ್ನೇ ಸೂರ್ಯ ಎಂದು ಹಿಡಿಯಿರಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಆ ಅಳತೆಯಲ್ಲಿ ಭೂಮಿ 40 ಸೆಂ.ಮೀ. ಚೆಂಡು, ಇರುವುದು 4.7 ಕಿ.ಮೀ. ಆಚೆ. ಗುರುಗ್ರಹ 25 ಕಿ.ಮೀ. ದೂರದಲ್ಲಿ, ಬಬಲೇಶ್ವರದ ಆಸುಪಾಸು. ಬೆಳಕಿನ ವೇಗವನ್ನೂ ಇದೇ ಲೆಕ್ಕದಲ್ಲಿ ಇಳಿಸಿದರೆ ತಾಸಿಗೆ 34 ಕಿ.ಮೀ. ಆಗುತ್ತದೆ, ಅಂದರೆ ಊರೊಳಗಿನ ಬಸ್ಸಿನ ವೇಗ. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಮಾತ್ರ 12.7 ಲಕ್ಷ ಕಿ.ಮೀ. ದೂರ ಉಳಿಯುತ್ತದೆ, ನಿಜವಾದ ಚಂದ್ರನಿಗಿಂತ ಮೂರು ಪಟ್ಟಿಗೂ ಆಚೆ. ಬಸ್ಸು ಅಲ್ಲಿಗೆ ಮುಟ್ಟಲು 4 ವರ್ಷ 3 ತಿಂಗಳು ಬೇಕು. ನಿಮ್ಮ ಜಾಲ ದಾಟಬೇಕಾದ ತಡ ಇದು.

ಈಗ ವೇಗ ಆರಿಸಿ. ‘ತಕ್ಷಣ’ ಎಂದು ಬರೆಯಬೇಡಿ, ಅದರಿಂದ ಆಗುವ ಅನಾಹುತ ಮುಂದೆ ಬರುತ್ತದೆ. ಬೆಳಕಿನ 1,000 ಪಟ್ಟು ಒಳ್ಳೆಯ ಸಂಖ್ಯೆ. ಆ ವೇಗದಲ್ಲಿ 4.24 ಜ್ಯೋತಿರ್ವರ್ಷದ (ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ) ಪ್ರಾಕ್ಸಿಮಾಕ್ಕೆ 37 ತಾಸು, 5.96ರ ಬರ್ನಾರ್ಡ್ ನಕ್ಷತ್ರಕ್ಕೆ 52, 11.9ರ ಟೌ ಸೇಟಿಗೆ 104 ತಾಸು. ಇದಕ್ಕೆ ಎರಡೂ ತುದಿಯ ಸ್ಥಳೀಯ ದಾರಿ ಸೇರಿಸಿ. ಸಂದೇಶವನ್ನು ಪಡೆದು ಮುಂದಕ್ಕೆ ದಾಟಿಸುವ ರಿಲೇ ಯಂತ್ರ ನಕ್ಷತ್ರದ ಹತ್ತಿರ ಕೆಲಸ ಮಾಡುವುದಿಲ್ಲ ಎಂಬ ನಿಯಮ ಇಟ್ಟು, ಅದನ್ನು ಭೂಮಿ-ಸೂರ್ಯರ ದೂರದ 50 ಪಟ್ಟು ಆಚೆ ಕೂರಿಸಿ. ಗುಮ್ಮಟದ ಅಳತೆಯಲ್ಲಿ ಅದು ಹೆಚ್ಚುಕಡಿಮೆ ಪಣಜಿ. ಅಲ್ಲಿಂದ ಮನೆಗೆ ಮಾಮೂಲಿ ರೇಡಿಯೊ, ಸುಮಾರು 7 ತಾಸು. ಎರಡು ತುದಿಗೆ 14. ಪಟ್ಟಿ ಹೀಗೆ ನಿಲ್ಲುತ್ತದೆ: ಪ್ರಾಕ್ಸಿಮಾ 51, ಬರ್ನಾರ್ಡ್ 66, ಟೌ ಸೇಟಿ 118 ತಾಸು. ಹೋಗಿ ಬರಲು ಇದರ ಎರಡರಷ್ಟು.

ಈ ಕೊನೆಯ 7 ತಾಸಿನ ದಾರಿಯನ್ನು ಬರೆಯುವವರು ಮರೆತೇ ಬಿಡುತ್ತಾರೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಇದೆ. ಭೂಮಿ ತಿರುಗುವುದರಿಂದ ಇಂಥ ಒಂದು ಆಂಟೆನಾಕ್ಕೆ ರಿಲೇ ಸುಮಾರು ಅರ್ಧ ದಿನ ಕಾಣುವುದೇ ಇಲ್ಲ. ನಾಸಾ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಹೀಗೆ ಭೂಮಿಯ ಮೂರು ದಿಕ್ಕಿನಲ್ಲಿ ಆಂಟೆನಾ ಇಟ್ಟಿರುವುದು ಇದೇ ಕಾರಣಕ್ಕೆ. ನಿಮ್ಮ ಕಥೆಯಲ್ಲಿ ಒಂದೇ ಕೇಂದ್ರವಿದ್ದರೆ ರಿಲೇಗೆ ಕನಿಷ್ಠ 12 ತಾಸಿನ ಸಂದೇಶ ಕೂಡಿಟ್ಟುಕೊಳ್ಳುವ ಜಾಗ ಕೊಡಿ. ಆ ಕೇಂದ್ರ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ಬರೆದಿಡಿ.

ಗಡಿಯಾರದ ವಿಷಯಕ್ಕೆ ಬಂದಾಗ ಅವಸರ ಮಾಡಬೇಡಿ, ಜಾಣ ಓದುಗ ಹಿಡಿಯುವುದು ಇಲ್ಲೇ. ಐನ್‌ಸ್ಟೈನ್ 1905ರಲ್ಲಿ ತೋರಿಸಿದಂತೆ, ಬೇರೆ ಬೇರೆ ವೇಗದಲ್ಲಿ ಓಡುವ ಇಬ್ಬರಿಗೆ ದೂರದ ಊರಿನ ‘ಈಗ’ ಒಂದೇ ಆಗಿರುವುದಿಲ್ಲ. 10 ಜ್ಯೋತಿರ್ವರ್ಷ ದೂರದ ಅಂತರಿಕ್ಷ ಹಡಗೊಂದು ಬೆಳಕಿನ ಹತ್ತನೇ ಒಂದರಷ್ಟು ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆ ಎನ್ನಿ. ನೀವು ನಿಮ್ಮ ‘ಈಗ’ದಲ್ಲಿ ತಕ್ಷಣದ ಸಂದೇಶ ಕಳಿಸಿದಿರಿ, ಹಡಗು ಅದರ ‘ಈಗ’ದಲ್ಲಿ ತಕ್ಷಣ ಉತ್ತರಿಸಿತು. ಉತ್ತರ ನಿಮಗೆ ಸಿಗುವುದು ನೀವು ಕೇಳುವುದಕ್ಕಿಂತ ಒಂದು ವರ್ಷ ಮೊದಲು! ಲೆಕ್ಕ ಸುಲಭ: ಜ್ಯೋತಿರ್ವರ್ಷವನ್ನು ಹಡಗಿನ ವೇಗ ಬೆಳಕಿನ ಎಷ್ಟು ಪಾಲೋ ಅದರಿಂದ ಗುಣಿಸಿದರೆ ಎಷ್ಟು ವರ್ಷ ಹಿಂದೆ ಎಂಬುದು ಬರುತ್ತದೆ. ಲಾಟರಿ ನಂಬರು, ಚುನಾವಣೆಯ ಫಲಿತಾಂಶ, ಪಾತ್ರಧಾರಿಯ ಸಾವು, ಎಲ್ಲ ಮೊದಲೇ ಗೊತ್ತಾಗಿ ಕಥೆ ಅಲ್ಲಿಗೇ ಮುಗಿಯಿತು.

ಇದಕ್ಕೆ ಎರಡು ಪರಿಹಾರ. ಒಂದು, ವೇಗಕ್ಕೆ ಮಿತಿ ಹಾಕುವುದು. ಸಂದೇಶ ಬೆಳಕಿನ 1,000 ಪಟ್ಟಿನಲ್ಲಿ ಓಡಿದರೆ, ಕಳಿಸುವವರು ಪಡೆಯುವವರು ಒಬ್ಬರಿಂದೊಬ್ಬರು ಸೆಕೆಂಡಿಗೆ 600 ಕಿ.ಮೀ.ಗಿಂತ ಜೋರಾಗಿ ದೂರ ಸರಿದಾಗ ಮಾತ್ರ ಇಬ್ಬರ ನಡುವೆ ಉತ್ತರ ಪ್ರಶ್ನೆಗಿಂತ ಮೊದಲು ಬರಲು ಸಾಧ್ಯ. ಹತ್ತಿರದ ನಕ್ಷತ್ರಗಳು ಅಷ್ಟು ಓಡುವುದಿಲ್ಲ, ಹಡಗುಗಳಿಗೆ ಮಾತ್ರ ಮಿತಿ ಸಾಕು. ಆಸೆಬಿದ್ದು ವೇಗವನ್ನು 10,000 ಪಟ್ಟಿಗೆ ಏರಿಸಿದಿರೋ, ಆ ಗಡಿ 60 ಕಿ.ಮೀ.ಗೆ ಇಳಿದು ನಕ್ಷತ್ರಗಳ ಸಹಜ ವೇಗವೇ ಅಡ್ಡ ಬರುತ್ತದೆ. ಎರಡನೆಯದು, ನಮ್ಮ ಮಟ್ಟಿಗೆ ಹೆಚ್ಚು ಗಟ್ಟಿಯಾದದ್ದು: ಇಡೀ ಜಾಲಕ್ಕೆ ಒಂದೇ ಗಡಿಯಾರ. ರಿಲೇ ಎಲ್ಲೇ ಇರಲಿ, ಹೇಗೇ ಓಡಲಿ, ಸಂದೇಶದ 1,000 ಪಟ್ಟು ವೇಗವನ್ನು ಸೌರವ್ಯೂಹದ ಬ್ಯಾರಿಸೆಂಟರಿಗೆ, ಅಂದರೆ ಸೂರ್ಯ ಮತ್ತು ಗ್ರಹಗಳ ಒಟ್ಟು ತೂಕದ ನಡುಬಿಂದುವಿಗೆ, ಹೋಲಿಸಿಯೇ ಅಳೆಯಬೇಕು ಎಂದು ನಿಯಮ ಮಾಡಿ. ಖಗೋಳ ವಿಜ್ಞಾನಿಗಳು ಕಾಲಗಣನೆಗೆ ಆ ಬಿಂದುವನ್ನು ಈಗಾಗಲೇ ಬಳಸುತ್ತಾರೆ. ಭೂಮಿಯನ್ನೇ ಆಧಾರ ಮಾಡಿಕೊಂಡರೆ ಕೆಟ್ಟಿತು. ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರುವುದರಿಂದ ಪ್ರಾಕ್ಸಿಮಾದ ‘ಈಗ’ ವರ್ಷದುದ್ದಕ್ಕೂ ಹೆಚ್ಚೆಂದರೆ ಮೂರೂಮುಕ್ಕಾಲು ತಾಸು ಹಿಂದೆಮುಂದೆ ತೂಗಾಡುತ್ತದೆ.

ಯಂತ್ರದ ಒಳಗಿನ ವಿವರಕ್ಕೆ ಎರಡು ಸಾಲು ಸಾಕು. ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ ಎಂದು ಮಾತ್ರ ಬರೆಯಬೇಡಿ. ದೂರವಿದ್ದರೂ ಅಳತೆಯ ಫಲಿತಾಂಶ ಒಂದಕ್ಕೊಂದು ತಾಳೆಯಾಗುವ ಆ ಜೋಡಿ ಕಣಗಳಿಂದ ಸಂದೇಶ ಕಳಿಸಲಾಗದು, ಎರಡೂ ಕಡೆಯ ಫಲಿತಾಂಶ ತಾಳೆ ನೋಡಲು ಮಾಮೂಲಿ ದಾರಿಯೇ ಬೇಕು. ನಿಮ್ಮದೇ ಹೊಸ ಕಣವೊಂದನ್ನು ಕಲ್ಪಿಸಿಕೊಳ್ಳಿ. ಅದರ ಮೊದಲ ಸುದ್ದಿಯನ್ನು ಪಾತ್ರಗಳು ಅನುಮಾನದಿಂದಲೇ ನೋಡಲಿ. 2011ರಲ್ಲಿ ಇಟಲಿಯ ಒಪೆರಾ ಎಂಬ ಭೌತವಿಜ್ಞಾನ ಪ್ರಯೋಗದಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಮೊದಲು ಬಂದವು ಎಂದಾಗ ಪ್ರಪಂಚವೇ ಎದ್ದು ಕೂತಿತ್ತು. ತಪ್ಪಿನ ಮುಖ್ಯ ಮೂಲ ಸಡಿಲವಾಗಿದ್ದ ಒಂದು ಫೈಬರ್ ಕೇಬಲ್.

ಇನ್ನು ಸಾಮರ್ಥ್ಯ. ಜಿಪುಣತನ ಇಲ್ಲಿ ಫಲ ಕೊಡುತ್ತದೆ. ಒಂದು ನೆಲೆಗೆ ಸೆಕೆಂಡಿಗೆ 10 ಬಿಟ್ ಕೊಡಿ. 8 ಬಿಟ್‌ಗೆ ಒಂದು ಬೈಟ್, ದಿನಕ್ಕೆ 1,08,000 ಬೈಟ್ ಆಯಿತು. ಫೋನಿನಲ್ಲಿ ತೆಗೆದ 3 ಎಂಬಿ ಫೋಟೊ ಒಂದೇ ಕಳಿಸಿದರೂ 28 ದಿನ ದಾರಿ ಕಟ್ಟಿಹೋಗುತ್ತದೆ. ಅಕ್ಷರಕ್ಕೆ ಬಂದರೆ, ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಕ್ಷ’ ಬರೆಯಲು ಕ, ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ (್), ಷ ಸೇರಿ 9 ಬೈಟ್. ಒತ್ತಕ್ಷರ, ಕಾಗುಣಿತ ಸೇರಿ ಪದಕ್ಕೆ 9 ಚಿಹ್ನೆ ಎಂದು ಹಿಡಿದರೆ ಇಡೀ ಊರಿಗೆ ದಿನಕ್ಕೆ 4,000 ಪದ. ಎಲ್ಲ ಲಿಪಿಗಳ ಚಿಹ್ನೆಗೂ ಸಂಖ್ಯೆ ಕೊಟ್ಟ ಪಟ್ಟಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳೇ 128, ಆದ್ದರಿಂದ ಒಂದು ಬೈಟಿಗೆ ಒಂದು ಚಿಹ್ನೆ ಕೂರಿಸಬಹುದು. ಆಗ 12,000 ಪದ. ಈ ಬದಲಾವಣೆ ಮಾಡಿಕೊಟ್ಟ ಗುಮಾಸ್ತ ನಿಮ್ಮ ಕಥೆಯಲ್ಲಿ ಸಣ್ಣ ದೇವರೇ ಆಗುತ್ತಾನೆ. ಬೀಜದ ಮಾಹಿತಿ, ಔಷಧದ ಪಟ್ಟಿ, ಸರ್ಕಾರದ ಆದೇಶ, ಸಾವಿನ ಸುದ್ದಿ, ಇವುಗಳಲ್ಲಿ ಯಾವುದಕ್ಕೆ ಮೊದಲ ಪಾಳಿ ಎಂದು ಕ್ರಮ ಹಾಕಿ.

ಬರೆಯುವ ಮೊದಲು ಒಂದು ಕೋಣೆಯಲ್ಲಿ ಜಾಲವನ್ನು ಓಡಿಸಿ ನೋಡಿ. ಬೇಕಾದದ್ದು ನಾಲ್ಕು ಮೇಜು (ಭೂಮಿ, ಪ್ರಾಕ್ಸಿಮಾ, ಬರ್ನಾರ್ಡ್, ಟೌ ಸೇಟಿ), ಮೇಜಿಗೆ ಇಬ್ಬರಂತೆ ಎಂಟು ಜನ, ಅಂಚೆಯವರು ಮೂವರು, ಎಲ್ಲರಿಗೂ ಕಾಣುವ ಒಂದು ಗಡಿಯಾರ, ನೂರು ಚೀಟಿ, ಒಂದು ದಾಳ. ಜಾಲದ ಒಂದು ತಾಸು ಕೋಣೆಯಲ್ಲಿ ಒಂದು ಸೆಕೆಂಡು. ಚೀಟಿಗೆ ಎಂಟು ಪದ, ಮೇಜಿಗೆ 24 ಸೆಕೆಂಡಿಗೆ ಒಂದೇ ಚೀಟಿ. ಅಂಚೆಯವರು ಪಡೆದ ಸಮಯಕ್ಕೆ 51, 66 ಅಥವಾ 118 ಕೂಡಿಸಿ ಚೀಟಿಯ ಬೆನ್ನಿಗೆ ಬರೆದು, ಆ ಹೊತ್ತಿಗೇ ಕೊಡಬೇಕು. ಮೊದಲೇ ಕೊಡುವ ಅಂಚೆಯವರಿಂದಲೇ ಅರ್ಧ ಆಟ ಕೆಡುತ್ತದೆ.

ಐದು ನಿಮಿಷದೊಳಗೆ ಮೊದಲ ಎಡವಟ್ಟು ಕಾಣಿಸುತ್ತದೆ. ಟೌ ಸೇಟಿಯಲ್ಲಿರುವ ತಮ್ಮನಿಗೆ ಅಣ್ಣ ಎರಡು ಚೀಟಿ ಕಳಿಸಿದ: ‘ಹೊಲ ಮಾರ್ಲೇನು?’, ಅದರ ಬೆನ್ನಿಗೇ ‘ಅವ್ವನ್ನ ದವಾಖಾನಿಗೆ ಸೇರಿಸ್ಲೇನು?’ ತಿರುಗಿ ಬಂದದ್ದು ‘ಬ್ಯಾಡ ಅಣ್ಣಾ, ತಡಿ’. ಯಾವುದಕ್ಕೆ ಬ್ಯಾಡ? ಕೇಳಿ ತಿಳಿಯಲು ಮತ್ತೆ 236 ತಾಸು, ಹತ್ತು ದಿನ. ಅದಕ್ಕೇ ಪ್ರತಿ ಚೀಟಿಗೆ ಸಂಖ್ಯೆ ಇರಲಿ, ಉತ್ತರದಲ್ಲಿ ಯಾವ ಸಂಖ್ಯೆಗೆ ಎಂಬುದು ಮೊದಲ ಪದವಾಗಿ ಬರಲಿ. ನಾಟಕಕ್ಕೆ ಬೇಕೆಂದರೆ ಒಬ್ಬ ಮಾತ್ರ ಸಂಖ್ಯೆ ಬರೆಯಲು ಮರೆಯಲಿ.

ಎರಡನೆಯದು ಚೀಟಿ ಕಳೆದುಹೋಗುವುದು. ಪ್ರತಿ ಚೀಟಿಗೂ ದಾಳ ಹಾಕಿ, ಒಂದು ಬಿದ್ದರೆ ಹರಿದು ಬಿಸಾಕಿ. ‘ಮುಟ್ಟಿತು’ ಎಂಬ ಉತ್ತರ ಬಂದ ಮೇಲೇ ಮುಂದಿನದು ಎಂದು ಕೂತರೆ ಜಾಲ ನಿಂತೇ ಹೋಗುತ್ತದೆ. ‘ಮುಟ್ಟಿತು’ ಎಂಬ ಉತ್ತರಕ್ಕೆ ಕಾಯುತ್ತಾ ಮಾಹಿತಿ ಕಳಿಸುವ ಇಂಟರ್ನೆಟ್ಟಿನ ನಿಯಮಾವಳಿ ಟಿಸಿಪಿ ಮಂಗಳನ ದೂರಕ್ಕೇ ಏದುಸಿರು ಬಿಡುವುದು ಇಂಥದ್ದರಿಂದಲೇ. ಅದಕ್ಕೆಂದೇ ಬಂಡಲ್ ಪ್ರೋಟೊಕಾಲ್ ಎಂಬ ಬೇರೆ ನಿಯಮಾವಳಿ ಇದೆ, ಅದರ ಈಗಿನ ರೂಪ ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯಲ್ಲಿರುವ 2022ರ ಆರ್‌ಎಫ್‌ಸಿ 9171. ಮುಂದಿನ ದಾರಿ ತೆರೆಯುವವರೆಗೆ ಪ್ರತಿ ನೆಲೆಯೂ ಸಂದೇಶವನ್ನು ತನ್ನ ಬಳಿಯೇ ಇಟ್ಟುಕೊಂಡು ಆಮೇಲೆ ದಾಟಿಸುತ್ತದೆ. ಮುಖ್ಯ ಸುದ್ದಿಯನ್ನು ಎರಡು ಸಲ ಕಳಿಸಿದರೆ ಕಳೆದುಹೋಗುವ ಸಂಭವ ಆರರಲ್ಲಿ ಒಂದರಿಂದ ಮೂವತ್ತಾರರಲ್ಲಿ ಒಂದಕ್ಕೆ ಇಳಿಯುತ್ತದೆ, ಬದಲಿಗೆ ಒಂದು ದಿನದ ಪಾಳಿ ಹೋಗುತ್ತದೆ.

ಮೂರನೆಯದು ಗೊತ್ತಾಗುವುದು ಆಟ ಅರ್ಧ ದಾಟಿದ ಮೇಲೆ. ಪ್ರಾಕ್ಸಿಮಾ ಮತ್ತು ಟೌ ಸೇಟಿ ನಡುವಿನ ಮಾತೆಲ್ಲ ಭೂಮಿಯ ಮೇಜಿನ ಮೇಲೆ ಹಾದುಹೋಗುತ್ತದೆ, 51 ಮತ್ತು 118 ಸೇರಿ 169 ತಾಸು. ಎರಡೂ ದಾರಿಗೆ ಸೂರ್ಯನ ಅಂಚಿನ ಒಂದೇ ರಿಲೇ ಇದ್ದು, ಅದು ಭೂಮಿಗೆ ತೋರಿಸದೆ ಅಲ್ಲಿಂದಲೇ ಮುಂದೆ ಕಳಿಸಿದರೆ 155. ಉಳಿಯುವುದು 14 ತಾಸು ಮಾತ್ರ. ಆದರೆ ಆ ರಿಲೇಯ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ಹಾಳೆಯ ಮೇಲೆ ಬರೆಯದೆ ಮೊದಲ ದೃಶ್ಯಕ್ಕೆ ಕೈ ಹಾಕಬೇಡಿ.